ಮೊದಲು ಕಣ್ಣು, ಆಮೇಲೆ ಕೋವಿ

ಸಿಡ್ನಿಯಲ್ಲೋ ಮೆಲ್ಬರ್ನ್‌ನಲ್ಲೋ ಶೂಟಿಂಗ್ ಕ್ಲಬ್ಬಿಗೆ ಹೊಸದಾಗಿ ಸೇರಿದ ನಮ್ಮ ಹುಡುಗ ಹುಡುಗಿಯರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ಅಂಕಲ್, ಯಾವ ಸ್ಪಾಟಿಂಗ್ ಸ್ಕೋಪ್ ತಗೊಳ್ಳಲಿ?” ಟ್ರೈಪಾಡಿನ ಮೇಲಿಟ್ಟು ದೂರದ್ದನ್ನು ನೋಡುವ ಆ ಒಂಟಿಕಣ್ಣಿನ ದುರ್ಬೀನಿಗೆ ಒಂದು ಕಂಪನಿಯ ಹೆಸರು ಹೇಳಿದರೆ ಅವತ್ತು ರಾತ್ರಿಯೇ ಆರ್ಡರ್ ಮಾಡುವ ಉತ್ಸಾಹ ಅವರದು. ನಾನು ಹೆಸರು ಹೇಳುವುದಿಲ್ಲ, ತಿರುಗಿ ಒಂದು ಮಾತು ಕೇಳುತ್ತೇನೆ. ಎಷ್ಟು ದೂರದಲ್ಲಿರುವ ಯಾವ ವಸ್ತುವನ್ನು ನೀನು ಅನುಮಾನಕ್ಕೆ ಎಡೆಯಿಲ್ಲದಂತೆ ನೋಡಬೇಕು? ಐವತ್ತು ಮೀಟರ್ ಆಚೆಯ ಕಾಗದದ ತೂತನ್ನೋ, ಐನೂರು ಮೀಟರ್ ಆಚೆಯ ಬಿಸಿಲ ಝಳವನ್ನೋ, ಎದುರು ಗುಡ್ಡದ ಮರೆಯಲ್ಲಿ ನಿಂತ ಕಡವೆಯನ್ನೋ? ಈ ಮೂರಕ್ಕೂ ಬೇಕಾದ ಸ್ಕೋಪ್ ಬೇರೆ ಬೇರೆ. ಇದನ್ನು ಯೋಚಿಸದೆ ಕೊಂಡವರ ಸ್ಕೋಪ್‌ಗಳು ಒಂದೆರಡು ವರ್ಷದಲ್ಲಿ ಕಪಾಟಿನ ಮೇಲಿನ ಅರೆ ಸೇರುತ್ತವೆ.

ನಾನು ಕೊಡಗಿನಿಂದ ಬಂದವನು. ನಮ್ಮಲ್ಲಿ ಕೋವಿ ಮನೆಯ ವಸ್ತು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಬಂದೂಕಿನ ಲೈಸೆನ್ಸಿನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ, 1861ರಿಂದ ಇದೆ. ಕೇಂದ್ರ ಸರ್ಕಾರ ಅದನ್ನು 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು. ಕೈಲ್‌ಪೋಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡಿ, ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹಾರಿಸುತ್ತೇವೆ. ಕಾಯಿ ಒಡೆದರೆ ನೆರೆದವರೆಲ್ಲರಿಗೂ ಬರಿಗಣ್ಣಿಗೆ ಕಾಣುತ್ತದೆ, ದುರ್ಬೀನು ಬೇಕಿಲ್ಲ. ಹಾಗಾಗಿ ಊರಿನಲ್ಲಿ ಒಳ್ಳೆಯ ಗುರಿಕಾರ ಎನಿಸಿಕೊಂಡವರೂ ಇಲ್ಲಿಗೆ ಬಂದ ಮೇಲೆ ಮೊದಲು ಕಲಿಯಬೇಕಾದದ್ದು ನೋಡುವುದನ್ನು.

ಇನ್ನೊಂದು ವ್ಯತ್ಯಾಸವೂ ಮನಸ್ಸಿನಲ್ಲಿರಲಿ. 1996ರ ಏಪ್ರಿಲ್‌ನಲ್ಲಿ ಟಾಸ್ಮೇನಿಯಾದ ಪೋರ್ಟ್ ಆರ್ಥರ್‌ನಲ್ಲಿ ಒಬ್ಬನ ಗುಂಡಿಗೆ 35 ಜನ ಸತ್ತ ಮೇಲೆ ಈ ದೇಶ ಕೋವಿಯ ವಿಷಯದಲ್ಲಿ ದಾರಿಯನ್ನೇ ಬದಲಿಸಿತು. ಅದೇ ವರ್ಷ ಬಂದ ನ್ಯೂ ಸೌತ್ ವೇಲ್ಸ್‌ನ ಕಾಯ್ದೆ, ಬಂದೂಕು ಇಟ್ಟುಕೊಳ್ಳುವುದು ಸಾರ್ವಜನಿಕ ಸುರಕ್ಷತೆಗೆ ಒಳಪಟ್ಟ ಸವಲತ್ತು ಮಾತ್ರ ಎಂದು ಆರಂಭದಲ್ಲೇ ಹೇಳುತ್ತದೆ. ಲೈಸೆನ್ಸ್ ಬೇಕಾದರೆ ಪೊಲೀಸರು ಒಪ್ಪುವ ಕಾರಣ ಕೊಡಬೇಕು. ಕ್ಲಬ್ಬಿನ ಗುರಿಯಾಟ ಆದೀತು, ಬೇಟೆ ಆದೀತು. ಆತ್ಮರಕ್ಷಣೆಗೆ ಎಂದರೆ ಒಪ್ಪುವುದಿಲ್ಲ. ನಿಯಮಗಳು ಆಗಾಗ ಬಿಗಿಯಾಗುತ್ತಿರುತ್ತವೆ, ಆದ್ದರಿಂದ ನಿನ್ನ ವೀಸಾಕ್ಕೂ ನಿನ್ನ ರಾಜ್ಯಕ್ಕೂ ಅನ್ವಯಿಸುವುದನ್ನು ಪೊಲೀಸ್ ಇಲಾಖೆಯಲ್ಲೇ ವಿಚಾರಿಸು, ಗೆಳೆಯರ ಬಾಯಿಮಾತು ನಂಬಬೇಡ. ಸ್ಪಾಟಿಂಗ್ ಸ್ಕೋಪ್‌ಗೆ ಮಾತ್ರ ಯಾವ ಲೈಸೆನ್ಸೂ ಬೇಡ. ಅದು ಬರೀ ಗಾಜು. ಲೈಸೆನ್ಸಿಗೆ ಕಾಯುವ ತಿಂಗಳುಗಳಲ್ಲೇ ಅದನ್ನು ಕೊಂಡು ಕಣ್ಣನ್ನು ಪಳಗಿಸಬಹುದು.

“ಕೋವಿಯ ಮೇಲೆಯೇ ಸ್ಕೋಪ್ ಇದೆಯಲ್ಲ, ಅದರಲ್ಲೇ ನೋಡಿದರಾಯಿತು” ಎನ್ನುವವರಿದ್ದಾರೆ. ತಮ್ಮಾ, ಈ ಮಾತನ್ನು ಬಹಳ ಗಂಭೀರವಾಗಿ ಹೇಳುತ್ತಿದ್ದೇನೆ: ಕೋವಿಯ ಸ್ಕೋಪಿನಲ್ಲಿ ಹುಡುಕಾಡಬೇಡ. ಅದರಲ್ಲಿ ಏನನ್ನು ನೋಡುತ್ತೀಯೋ ಅದರ ಮೇಲೆ ನಳಿಗೆ ನೆಟ್ಟಿರುತ್ತದೆ. ಕಾಡಿನಲ್ಲಿ ಅಲುಗಾಡಿದ ಪೊದೆಯ ಹಿಂದೆ ಇರುವುದು ಇನ್ನೊಬ್ಬ ಬೇಟೆಗಾರನೋ, ಅಣಬೆ ಆಯುತ್ತಿರುವ ಹೆಂಗಸೋ ಎಂದು ತಿಳಿಯಲು ಅವರತ್ತ ಕೋವಿ ಎತ್ತುವುದು ಮಹಾಪರಾಧ. ಗುರಿ ಯಾವುದು, ಗುರಿಯ ಹಿಂದೆ ಏನಿದೆ ಎನ್ನುವುದು ಖಚಿತವಾಗುವವರೆಗೆ ಕೋವಿ ಹೆಗಲಿನಲ್ಲೇ ಇರಬೇಕು. ಅಲ್ಲಿಯವರೆಗಿನ ಕೆಲಸವೆಲ್ಲ ದುರ್ಬೀನಿನದು, ಸ್ಪಾಟಿಂಗ್ ಸ್ಕೋಪಿನದು.

ಈಗ ಕಾಗದದ ತೂತಿನ ಲೆಕ್ಕಕ್ಕೆ ಬರೋಣ. ಟೂ-ಟೂ (.22) ಗುಂಡಿನ ತೂತು ಅಗಲದಲ್ಲಿ ಹೆಚ್ಚೆಂದರೆ 5.6 ಮಿಲಿಮೀಟರ್. ಐವತ್ತು ಮೀಟರ್ ಸ್ಮಾಲ್‌ಬೋರ್ ಗುರಿಹಲಗೆಯ ಹತ್ತರ ಉಂಗುರವೇ 10.4 ಮಿಲಿಮೀಟರ್. ಅದೂ ಕಪ್ಪು ಶಾಯಿಯ ಮಧ್ಯೆ ಬಿದ್ದ ಕಪ್ಪು ತೂತು. ಐವತ್ತು ಮೀಟರಿಗೆ 15ರಿಂದ 25 ಪಟ್ಟು ಹಿಗ್ಗಿಸಿ ತೋರಿಸುವ, 50 ಅಥವಾ 60 ಮಿಲಿಮೀಟರ್ ಗಾಜಿನ ಸಾಧಾರಣ ಸ್ಕೋಪ್ ಧಾರಾಳ ಸಾಕು. ಪೋರ್ಟ್ ಮೆಲ್ಬರ್ನ್‌ನ ಮೆಲ್ಬರ್ನ್ ಇಂಟರ್‌ನ್ಯಾಷನಲ್ ಶೂಟಿಂಗ್ ಕ್ಲಬ್ಬಿನಲ್ಲಿ ಪಿಸ್ತೂಲು, ಸ್ಮಾಲ್‌ಬೋರ್ ಕಲಿಯುವವರಿಗೆ ಇಷ್ಟೇ ಬೇಕಾದದ್ದು. 2006ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ನಮ್ಮ ಸಮರೇಶ್ ಜಂಗ್ ಪಿಸ್ತೂಲು ಹಿಡಿದು ಐದು ಚಿನ್ನ ಗೆದ್ದದ್ದು ಇದೇ ಜಾಗದಲ್ಲಿ, ಅಲ್ಲಿ ಕಾಲಿಟ್ಟಾಗ ಒಮ್ಮೆ ನೆನೆಸಿಕೊ. ಎಲೆಕ್ಟ್ರಾನಿಕ್ ಗುರಿಗಳಿರುವ ಕಡೆ ಗುಂಡು ಎಲ್ಲಿ ಬಿತ್ತೆಂದು ಪಕ್ಕದ ಪರದೆಯೇ ತೋರಿಸುತ್ತದೆ. ಹಾಗಾಗಿ ನಿನ್ನ ರೇಂಜಿನಲ್ಲಿ ಯಾವ ಗುರಿ ಇದೆ ಎಂದು ಕೇಳದೆ ಹಣ ಬಿಚ್ಚಬೇಡ.

ನೂರು ಮೀಟರ್‌ನಲ್ಲಿ ಟೂ-ಟೂ ತೂತು ಸ್ಪಷ್ಟವಾಗಿ ಕಾಣಲು 25ರಿಂದ 30 ಪಟ್ಟು ಬೇಕಾಗುತ್ತದೆ. ಇನ್ನೂರು ಮೀಟರ್‌ಗೆ ಹೋದರೆ ತ್ರೀ-ನಾಟ್-ಏಟ್ (.308) ಗುಂಡಿನ ದೊಡ್ಡ ತೂತಿಗೂ 40ರ ಹತ್ತಿರ, ಜೊತೆಗೆ 80 ಮಿಲಿಮೀಟರ್‌ನ ಒಳ್ಳೆಯ ಗಾಜು. ಮುನ್ನೂರಕ್ಕೆ ಹೋದಾಗ ತಂಪಾದ ಮುಂಜಾನೆಯಲ್ಲಿ, ದುಬಾರಿ ಸ್ಕೋಪಿನಲ್ಲಿ ತೂತು ಕಂಡರೂ ಕಂಡೀತು. ಮಧ್ಯಾಹ್ನದ ಬಿಸಿಲಿನಲ್ಲಿ ಎಷ್ಟೇ ಬೆಲೆ ಕೊಟ್ಟಿದ್ದರೂ ಕಾಣುವುದಿಲ್ಲ, ಯಾಕೆಂದರೆ ಅಡ್ಡಿ ಗಾಜಿನದ್ದಲ್ಲ, ನಡುವಿನ ಗಾಳಿಯದ್ದು. ಗಾಳಿಯನ್ನು ತಿದ್ದುವ ಸ್ಕೋಪನ್ನು ಯಾರೂ ಮಾಡಿಲ್ಲ. ಮೆಲ್ಬರ್ನ್‌ನ ಪಶ್ಚಿಮಕ್ಕೆ, ಲಿಟ್ಲ್ ರಿವರ್‌ನ ಈಗಲ್ ಪಾರ್ಕ್ ರೇಂಜಿಗೆ ಹೋಗುವವರು ಹೆಚ್ಚಾಗಿ ಎಣಿಸಬೇಕಾದದ್ದು ಇದೇ ನೂರು ಇನ್ನೂರು ಮೀಟರ್ ಲೆಕ್ಕ. ಅಷ್ಟಕ್ಕೂ ಮೊದಲ ವರ್ಷ ಸ್ಕೋಪ್ ಇಲ್ಲದಿದ್ದರೂ ನಡೆಯುತ್ತದೆ. ಗುಂಡು ಬಿದ್ದ ಸುತ್ತ ಹಳದಿ ಉಂಗುರ ಮೂಡಿಸುವ ಸ್ಪ್ಲಾಟರ್ ಟಾರ್ಗೆಟ್ ಹಾಳೆಗಳು ಕೆಲವೇ ಡಾಲರಿಗೆ ಸಿಗುತ್ತವೆ.

ಪೆಟ್ಟಿಗೆಯ ಮೇಲೆ 20-60x80 ಎಂದು ಬರೆದಿರುತ್ತದೆ. ಮೊದಲ ಎರಡು ಅಂಕಿ ಎಷ್ಟು ಪಟ್ಟು ಹಿಗ್ಗುತ್ತದೆ ಎಂಬುದು, ಕೊನೆಯದು ಮುಂದಿನ ಗಾಜಿನ ಅಗಲ ಮಿಲಿಮೀಟರ್‌ನಲ್ಲಿ. ಕೊನೆಯ ಅಂಕಿಯನ್ನು ಪಟ್ಟಿನಿಂದ ಭಾಗಿಸು, ಕಣ್ಣಿಗೆ ತಲುಪುವ ಬೆಳಕಿನ ಬಿಲ್ಲೆಯ ಅಗಲ ಸಿಗುತ್ತದೆ. ಎಂಬತ್ತನ್ನು ಇಪ್ಪತ್ತರಿಂದ ಭಾಗಿಸಿದರೆ 4 ಮಿಲಿಮೀಟರ್, ಚಿತ್ರ ಬೆಳಕಾಗಿರುತ್ತದೆ. ಅರವತ್ತರಿಂದ ಭಾಗಿಸಿದರೆ 1.3 ಮಾತ್ರ, ಚಿತ್ರ ಮಂಕು, ಕಣ್ಣು ಕೂದಲೆಳೆ ಅತ್ತಿತ್ತ ಸರಿದರೂ ಕತ್ತಲೆ. ಹಗಲಿನಲ್ಲಿ ನಮ್ಮ ಕಣ್ಣಿನ ಪಾಪೆ ಎರಡು ಮೂರು ಮಿಲಿಮೀಟರ್ ತೆರೆದಿರುತ್ತದೆ. ಹಾಗಾಗಿ ದಿನದ ಬಹುಪಾಲು ಕೆಲಸ 25ರಿಂದ 40ರ ನಡುವೆಯೇ ಮುಗಿಯುತ್ತದೆ. ಪೆಟ್ಟಿಗೆಯ ಮೇಲೆ 100, 125 ಎಂದು ಬರೆದ ಅಗ್ಗದ ಸ್ಕೋಪ್‌ಗಳನ್ನು ಕಂಡರೆ ಕೈ ಮುಗಿದು ಮುಂದೆ ಹೋಗು. ಅಷ್ಟು ಹಿಗ್ಗಿಸಿದ ಮಬ್ಬನ್ನು ನೋಡಿ ಯಾರೂ ಏನನ್ನೂ ತಿಳಿದುಕೊಂಡಿಲ್ಲ.

ಸಿಡ್ನಿಯವರಿಗೆ ಇದಕ್ಕಿಂತ ಮುಖ್ಯವಾದ ಮಾತೊಂದಿದೆ, ಅದು ಗಾಳಿ. ನಗರದ ಆಗ್ನೇಯಕ್ಕೆ ಕಡಲಂಚಿನ ದಿಬ್ಬದ ಮೇಲೆ ಆನ್‌ಝಾಕ್ ರೈಫಲ್ ರೇಂಜ್ ಇದೆ. ಆ ಬಡಾವಣೆಯ ಹೆಸರು ಮಲಬಾರ್. 1931ರಲ್ಲಿ ಅಲ್ಲಿನ ಬಂಡೆಗೆ ಬಡಿದು ಒಡೆದ ಮಲಬಾರ್ ಎಂಬ ಹಡಗಿನಿಂದ ಬಂದ ಹೆಸರು ಅದು. ನಮ್ಮ ಘಟ್ಟ ಇಳಿದರೆ ಸಿಗುವ ಕರಾವಳಿಯ ಹೆಸರು ಇಲ್ಲಿನ ರೇಂಜಿನ ದಾರಿಫಲಕದಲ್ಲಿ ಕಂಡಾಗ ಕೊಡಗಿನವನಿಗೆ ಆಗುವ ಸಂತೋಷವನ್ನು ಬೇರೆಯವರಿಗೆ ಹೇಳಿ ತಿಳಿಸುವುದು ಕಷ್ಟ. ಬೇಸಿಗೆಯ ಮಧ್ಯಾಹ್ನ ಅಲ್ಲಿ ಈಶಾನ್ಯದ ಕಡಲಗಾಳಿ ಏಳುತ್ತದೆ. ಕೆಲವು ದಿನ ದಕ್ಷಿಣದ ಗಾಳಿ ಹೇಳದೆ ಕೇಳದೆ ನುಗ್ಗಿ ಬಾವುಟಗಳನ್ನೆಲ್ಲ ತಿರುಗಿಸಿಬಿಡುತ್ತದೆ. ದೂರದ ಫುಲ್‌ಬೋರ್ ಗುರಿಯಾಟದಲ್ಲಿ ತೂತನ್ನು ಹುಡುಕುವ ಕೆಲಸ ಸ್ಕೋಪಿನದಲ್ಲ. ಗುಂಡು ಬಿದ್ದ ಕಡೆ, ಗುರಿಯ ಬುಡದ ಗುಂಡಿಯಲ್ಲಿ ಕೂತವರು ಬಿಲ್ಲೆ ಸಿಕ್ಕಿಸಿ ಗುರಿಹಲಗೆಯನ್ನು ಎತ್ತಿ ತೋರಿಸುತ್ತಾರೆ, ಇಲ್ಲವೇ ಎಲೆಕ್ಟ್ರಾನಿಕ್ ಪರದೆ ಹೇಳುತ್ತದೆ. ಅಲ್ಲಿ ಸ್ಕೋಪ್ ಬೇಕಾಗುವುದು ಗಾಳಿ ಓದಲಿಕ್ಕೆ.

ಓದುವುದು ಹೀಗೆ. ಗುರಿಯ ಮೇಲೆ ಫೋಕಸ್ ಮಾಡಿದ ಮೇಲೆ ಸ್ವಲ್ಪ ಹಿಂದಕ್ಕೆ ತಿರುಗಿಸಿ, ದಾರಿಯ ಅರ್ಧಕ್ಕೂ ಮುಕ್ಕಾಲಿಗೂ ನಡುವೆ ಎಲ್ಲೋ ಫೋಕಸ್ ನಿಲ್ಲಿಸು. ಗುರಿ ಚೂರು ಮಸುಕಾಗುತ್ತದೆ, ಬಿಸಿಲ ಝಳ ಎದ್ದು ಕಾಣುತ್ತದೆ. ಝಳ ನೇರ ಮೇಲಕ್ಕೆ ಕುದಿಯುತ್ತಿದ್ದರೆ ಅಡ್ಡಗಾಳಿ ಇಲ್ಲ, ಅಥವಾ ಗಾಳಿ ದಿಕ್ಕು ಬದಲಿಸುವ ಸಂಧಿಯಲ್ಲಿದೆ. ಓರೆಯಾಗಿ ಏರಿದರೆ ಸಣ್ಣ ಗಾಳಿ. ಮಲಗಿ ಒಂದೇ ಸಮನೆ ಹರಿದರೆ ಜೋರು ಗಾಳಿ, ಇನ್ನು ಝಳ ಬಿಟ್ಟು ಬಾವುಟ ನೋಡು. ಕುದಿಯುವ ಹೊತ್ತಿನಲ್ಲಿ ಗುಂಡು ಹಾರಿಸದೆ ಕಾಯುವವರೇ ಹೆಚ್ಚು, ಆ ಕಾಯುವಿಕೆಯೂ ಕಲಿಯಬೇಕಾದ ವಿದ್ಯೆ. ಇದಕ್ಕೆ 60 ಪಟ್ಟು ಬೇಡವೇ ಬೇಡ. 25 ಪಟ್ಟು, ಅಗಲವಾದ ನೋಟ, ನುಣುಪಾಗಿ ತಿರುಗುವ ಫೋಕಸ್ ಸಾಕು. ಪರಿಣತರು ಹಲವರು ಜೂಮ್ ಇಲ್ಲದ, ಒಂದೇ ಪಟ್ಟಿನ ಐಪೀಸ್ (ಕಣ್ಣಿಡುವ ಕಡೆಯ ಗಾಜು) ಇಟ್ಟುಕೊಳ್ಳುವುದು ಇದಕ್ಕೇ. ಈ ದೂರದ ಗುರಿಯಾಟದಲ್ಲಿ ಎಫ್-ಕ್ಲಾಸ್ ವಿಭಾಗದವರ ಕೋವಿಯ ಮೇಲೆಯೇ ಬಲವಾದ ಸ್ಕೋಪ್ ಇರುವುದರಿಂದ ಅವರಿಗೆ ಬಿಲ್ಲೆ ಅದರಲ್ಲೇ ಕಾಣುತ್ತದೆ. ಟಾರ್ಗೆಟ್ ರೈಫಲ್ ವಿಭಾಗದವರ ಕೋವಿಗೆ ರಂಧ್ರದ ಕಣ್ಣು ಮಾತ್ರ, ಅವರಿಗೆ ಸ್ಪಾಟಿಂಗ್ ಸ್ಕೋಪ್ ಬಿಟ್ಟರೆ ಗತಿಯಿಲ್ಲ.

ಐಪೀಸ್ ನೇರವಿರಬೇಕೋ, ಓರೆಯಿರಬೇಕೋ? ರೇಂಜಿಗಾದರೆ ನನ್ನ ತೀರ್ಪು ಓರೆಯ ಕಡೆಗೆ. ಬೋರಲು ಮಲಗಿದವನು ಬಲಗೈಯವನಾದರೆ ಸ್ಕೋಪನ್ನು ಎಡಕ್ಕೆ, ಎಡಗಣ್ಣಿನ ಹತ್ತಿರ ನಿಲ್ಲಿಸಿಕೊಂಡು, ಮೈಯ ಭಂಗಿ ಕೆಡಿಸದೆ ಕತ್ತನ್ನು ಚೂರು ತಿರುಗಿಸಿ ನೋಡಬಹುದು. ಸ್ಕೋಪಿನ ಕೊರಳಪಟ್ಟಿ ತಿರುಗುವಂತಿದ್ದರೆ ಐಪೀಸನ್ನು ಬೇಕಾದ ಮಗ್ಗುಲಿಗೆ ಹೊರಳಿಸಿಕೊಳ್ಳಬಹುದು. ಎತ್ತರದವರೂ ಕುಳ್ಳರೂ ಒಂದೇ ಟ್ರೈಪಾಡಿನಲ್ಲಿ ಹಂಚಿಕೊಂಡು ನೋಡಲಿಕ್ಕೂ ಓರೆಯೇ ಅನುಕೂಲ. ನೇರ ಸ್ಕೋಪ್ ಬೆಟ್ಟದ ತುದಿಯಿಂದ ಕೆಳಕ್ಕೆ ನೋಡುವ, ಪ್ರಾಣಿಯನ್ನು ಚಟ್ಟನೆ ಹಿಡಿಯಬೇಕಾದ ಬೇಟೆಗಾರನಿಗೆ ಒಪ್ಪುತ್ತದೆ. ಕನ್ನಡಕ ಹಾಕುವವರು ಐಪೀಸಿನಿಂದ ಕಣ್ಣು ಎಷ್ಟು ದೂರದವರೆಗೆ ಸರಿದರೂ ಪೂರ್ತಿ ಚಿತ್ರ ಕಾಣುತ್ತದೆ ಎಂದು ನೋಡಬೇಕು. ಆ ದೂರ 15 ಮಿಲಿಮೀಟರ್‌ಗಿಂತ ಕಡಿಮೆಯಿದ್ದರೆ ಕನ್ನಡಕದವರಿಗೆ ಕಷ್ಟ.

ಟ್ರೈಪಾಡಿಗೆ ಜಿಪುಣತನ ಬೇಡ. ನಲವತ್ತು ಪಟ್ಟು ಹಿಗ್ಗಿಸಿದಾಗ ನಡುಕವೂ ನಲವತ್ತು ಪಟ್ಟು ಹಿಗ್ಗುತ್ತದೆ. ಮೇಜಿನ ಮೇಲಿಡುವ, ಸ್ಕೋಪಿನ ಜೊತೆ ಪುಕ್ಕಟೆ ಬರುವ ಗೇಣುದ್ದದ ಟ್ರೈಪಾಡ್ ಕಡಲಗಾಳಿಗೆ ನಿಲ್ಲುವುದಿಲ್ಲ. ಸಾವಿರ ಡಾಲರ್ ಇದ್ದರೆ ಕಾಲುಭಾಗ ಕಾಲಿಗೆ, ಉಳಿದದ್ದು ಗಾಜಿಗೆ ಎಂದು ನಾನು ಹೇಳುತ್ತೇನೆ. ಮಲಗಿ ಹೊಡೆಯುವವರಿಗೆ ಟ್ರೈಪಾಡಿಗಿಂತ ಭಾರವಾದ ಬುಡದ ಒಂಟಿಕಂಬದ ಸ್ಟ್ಯಾಂಡ್ ಒಳ್ಳೆಯದು.

ಗಾಜಿನ ಗುಣ ಅಂಗಡಿಯ ದೀಪದಲ್ಲಿ ಗೊತ್ತಾಗುವುದಿಲ್ಲ. ಬಾಗಿಲ ಹೊರಗೆ ತಂದು ನೋಡಲು ಬಿಡಿ ಎಂದು ಕೇಳು, ಒಳ್ಳೆಯ ಅಂಗಡಿಯವರು ಬಿಡುತ್ತಾರೆ. ಬೆಳ್ಳಗಿನ ಆಕಾಶಕ್ಕೆ ಎದುರಾಗಿ ನಿಂತ ಒಣ ರೆಂಬೆಯನ್ನೋ ಟಿವಿ ಆಂಟೆನಾವನ್ನೋ ನೋಡು. ಅಂಚಿನಲ್ಲಿ ನೇರಳೆ, ಹಸಿರು ಗೆರೆ ಹರಿದರೆ ಗಾಜು ಸಾಧಾರಣ. ಇಡಿ (ED) ಗಾಜು, ಫ್ಲೋರೈಟ್ ಎನ್ನುವವು ಆ ಬಣ್ಣವನ್ನು ಅಡಗಿಸುತ್ತವೆ. ಬೆಲೆ ಏರುವುದು ಬಹುಮಟ್ಟಿಗೆ ಅದಕ್ಕೇ. ದೂರದ ಕಾರಿನ ನಂಬರ್ ಪ್ಲೇಟಿನ ಸಣ್ಣಕ್ಷರವನ್ನು 20 ಪಟ್ಟಿನಲ್ಲಿ, ಆಮೇಲೆ 60ರಲ್ಲಿ ಓದು. ಅರವತ್ತರಲ್ಲಿ ದೊಡ್ಡದಾಗಿ ಕಂಡು ಓದಲಾಗದಿದ್ದರೆ ಆ ಅರವತ್ತು ಬರೀ ಜಾಹೀರಾತು. ಸೂರ್ಯನ ಕಡೆಗೆ ಮಾತ್ರ ಯಾವತ್ತೂ ತಿರುಗಿಸಬೇಡ, ಮಕ್ಕಳ ಕೈಗೆ ಕೊಡುವಾಗ ಇದನ್ನೇ ಮೊದಲು ಹೇಳು. ಕ್ಷಣದಲ್ಲಿ ಕಣ್ಣು ಹೋಗುತ್ತದೆ.

ಇನ್ನು ಬೇಟೆ. ವಿಕ್ಟೋರಿಯಾದ ಮ್ಯಾನ್ಸ್‌ಫೀಲ್ಡ್, ಲಿಕೋಲಾ, ಡಾರ್ಗೋ ಕಡೆಯ ಬೆಟ್ಟಗಳಲ್ಲಿ ತಿರುಗುವುದು ನಮ್ಮ ನಾಗರಹೊಳೆಯ ಕಡವೆಯೇ. 1860ರ ದಶಕದಲ್ಲಿ ಬಿಳಿಯರು ಹಡಗಿನಲ್ಲಿ ತಂದು ಬಿಟ್ಟದ್ದು ಬೆಳೆದು ಕಾಡೆಲ್ಲ ಹಬ್ಬಿದೆ. ಊರಿನಲ್ಲಿ 1972ರ ವನ್ಯಜೀವಿ ಕಾಯ್ದೆಯಡಿ ಅದನ್ನು ಮುಟ್ಟುವುದು ಅಪರಾಧ, ಅದು ಹಾಗೆಯೇ ಇರಬೇಕು. ಅಲ್ಲಿ ಅದು ಹುಲಿಯ ಅನ್ನ. ಇಲ್ಲಿ ಹುಲಿಯಿಲ್ಲ, ಮೂಲದ ಗಿಡಮರಗಳನ್ನು ಕಡವೆ ತುಳಿದು ಮೇಯ್ದು ಹಾಳುಮಾಡುತ್ತದೆ. ಅದಕ್ಕೇ ಗೇಮ್ ಮ್ಯಾನೇಜ್‌ಮೆಂಟ್ ಅಥಾರಿಟಿಯ ಲೈಸೆನ್ಸ್ ಪಡೆದು ಬೇಟೆಯಾಡಲು ಬಿಡುತ್ತಾರೆ. ಸರ್ಕಾರಿ ಕಾಡಿನಲ್ಲಿ ರಾತ್ರಿ ಲೈಟು ಬಿಟ್ಟು ಕಡವೆ ಹೊಡೆಯುವುದು ವಿಕ್ಟೋರಿಯಾದಲ್ಲೂ ಅಪರಾಧ. ನ್ಯೂ ಸೌತ್ ವೇಲ್ಸ್‌ನ ಸರ್ಕಾರಿ ಕಾಡುಗಳಿಗಾದರೆ ಬೇಟೆಯ ಲೈಸೆನ್ಸಿನ ಜೊತೆ ಆಯಾ ಕಾಡಿಗೆ ಬರಹದ ಅನುಮತಿ ಬೇಕು, ಎದ್ದು ಕಾಣುವ ಕಿತ್ತಳೆ ಬಣ್ಣದ ಬಟ್ಟೆ ತೊಡಬೇಕು, ಜಿಪಿಎಸ್ ಜೊತೆಗಿರಬೇಕು.

ಕಡವೆ ಬೇಟೆಗೆ ಸ್ಪಾಟಿಂಗ್ ಸ್ಕೋಪ್ ಮೊದಲ ಖರೀದಿಯಲ್ಲ ಎಂದು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಕಡವೆ ದಟ್ಟ ಹಳ್ಳಗಳಲ್ಲಿ ಮರೆಯಾಗಿ ನಿಲ್ಲುವ ಪ್ರಾಣಿ. ಅಲ್ಲಿ ಕೊರಳಿಗೆ ಹಾಕಿಕೊಳ್ಳುವ 8x42 ಅಥವಾ 10x42 ದುರ್ಬೀನೇ ನಿನ್ನ ಕಣ್ಣು. ಬೆಳಗಿನ ಜಾವ ಒಂದು ಏಣಿನ ಮೇಲೆ ಕುಳಿತು, ಎದುರು ಇಳಿಜಾರಿನ ತೆರವುಗಳನ್ನು ದುರ್ಬೀನಿನಲ್ಲಿ ಒಂದೊಂದಾಗಿ ಜಾಲಾಡಿ, ಕಂದು ಬಣ್ಣದ ಅನುಮಾನ ಕಂಡ ಕಡೆಗೆ ಮಾತ್ರ ಸ್ಕೋಪ್ ತಿರುಗಿಸಬೇಕು. ಅದು ಬೊಡ್ಡೆಯೋ ಕಡವೆಯೋ, ಗಂಡೋ ಹೆಣ್ಣೋ, ಜೊತೆಗೆ ಮರಿ ಇದೆಯೋ ಎಂದು ತೀರ್ಮಾನವಾಗುವುದು ಅಲ್ಲಿ. ಎರಡು ಗಂಟೆ ಬೆಟ್ಟ ಹತ್ತಿ ಹೋಗಿ ಬೊಡ್ಡೆಗೆ ಕೈಮುಗಿದು ಬರುವುದನ್ನು ಸ್ಕೋಪ್ ತಪ್ಪಿಸುತ್ತದೆ. ಗಿಪ್ಸ್‌ಲ್ಯಾಂಡ್ ಕರಾವಳಿಯ ಹಾಗ್ ಡೀರ್‌ಗೆ ಏಪ್ರಿಲ್ ಒಂದೇ ತಿಂಗಳು ಅವಕಾಶ, ಗಂಡಿಗೊಂದು ಹೆಣ್ಣಿಗೊಂದು ಟ್ಯಾಗ್ ಲೆಕ್ಕ. ಅಂಥಲ್ಲಿ ಗಂಡು ಹೆಣ್ಣು ಗುರುತಿಸಲು ಸೋತವನು ನೇರವಾಗಿ ಕಾನೂನು ಮುರಿದವನಾಗುತ್ತಾನೆ.

ಬೆನ್ನಿಗೆ ಹೊತ್ತು ನಡೆಯುವವರಿಗೆ ಭಾರ ದೊಡ್ಡ ಮಾತು. 80, 85 ಮಿಲಿಮೀಟರ್ ಸ್ಕೋಪ್ ಸುಮಾರು ಎರಡು ಕಿಲೋ ತೂಗುತ್ತದೆ, ಟ್ರೈಪಾಡ್ ಸೇರಿದರೆ ಇನ್ನೂ ಒಂದೂವರೆ. 65ರದ್ದು ಕಿಲೋ ಚಿಲ್ಲರೆ. 50, 55ರ ಪುಟ್ಟ ಸ್ಕೋಪ್‌ಗಳಲ್ಲಿ ಅರ್ಧ ಕಿಲೋಗೆ ಹತ್ತಿರದವೂ ಇವೆ. ಕಡವೆ ಹೊರಬರುವುದು ಮುಂಜಾನೆ, ಮುಸ್ಸಂಜೆಯ ಮಬ್ಬಿನಲ್ಲಿ. ಆ ಬೆಳಕಿಗೆ ದೊಡ್ಡ ಗಾಜು ಒಳ್ಳೆಯದು ನಿಜ, ಆದರೆ ಭಾರವೆಂದು ಕಾರಿನಲ್ಲೇ ಬಿಟ್ಟುಬಂದ ದೊಡ್ಡ ಗಾಜಿನಿಂದ ಏನೂ ಕಾಣುವುದಿಲ್ಲ. ನಡೆಯುವವರಿಗೆ 65 ಎಂದು ನಾನು ಹೇಳುವುದು ಅದಕ್ಕೆ. ರೇಂಜಿಗೂ ಬೆಟ್ಟಕ್ಕೂ ಒಂದೇ ಸ್ಕೋಪ್ ಬೇಕೆನ್ನುವವರಿಗೂ 65ರ ಓರೆ ಐಪೀಸಿನದೇ ಸರಿ.

ದುಡ್ಡಿನ ವಿಷಯ. ಕೆಲವು ನೂರು ಡಾಲರಿನಿಂದ ಹಿಡಿದು ಸ್ವರೋವ್‌ಸ್ಕಿ, ಕೋವಾ, ಜೈಸ್‌ಗಳ ಹಲವು ಸಾವಿರದವರೆಗೆ ಸ್ಕೋಪ್‌ಗಳಿವೆ. ನಡುವೆ ವೋರ್ಟೆಕ್ಸ್, ನಿಕಾನ್, ಮಿಯೋಪ್ಟಾ ಮುಂತಾದವರ ಮಧ್ಯಮ ಸಾಲಿದೆ. ನೂರು ಮೀಟರ್ ಟೂ-ಟೂ ಆಡುವವನಿಗೆ ಕೆಳಸಾಲೇ ಸಾಕು, ಉಳಿದ ಹಣ ಗುಂಡಿಗೂ ಅಭ್ಯಾಸಕ್ಕೂ ಹೋಗಲಿ. ಇನ್ನೂರು ಮೀಟರ್ ದಾಟುವವನು, ಬೆಟ್ಟ ಹತ್ತುವವನು ಮಧ್ಯಮ ಸಾಲಿಗಿಂತ ಕೆಳಗೆ ಹೋಗದಿರಲಿ. ಹೊರದೇಶದಿಂದ ತರಿಸಿದರೆ ಅಗ್ಗ ಎಂಬ ಲೆಕ್ಕ ಪೂರ್ತಿ ಮಾಡು. 2018ರ ಜುಲೈನಿಂದ ಸಾವಿರ ಡಾಲರ್ ಒಳಗಿನ ಸರಕಿಗೂ ಹತ್ತು ಶೇಕಡಾ ಜಿಎಸ್‌ಟಿ ಬಿದ್ದಿದೆ. ಕೆಟ್ಟರೆ ಕಂಪನಿಯ ಇಲ್ಲಿನ ಏಜೆಂಟರು ಕೈಗೆತ್ತಿಕೊಳ್ಳದೆ ಇರಬಹುದು. ಇಲ್ಲಿನ ಅಂಗಡಿಯಲ್ಲಿ ಕೊಂಡರೆ ಆಸ್ಟ್ರೇಲಿಯಾದ ಗ್ರಾಹಕ ಕಾನೂನು ನಿನ್ನ ಬೆನ್ನಿಗಿರುತ್ತದೆ. ಸೆಕೆಂಡ್‌ಹ್ಯಾಂಡ್ ಕೊಳ್ಳಲು ಹಿಂಜರಿಯಬೇಡ. ಒಳ್ಳೆಯ ಗಾಜು ದಶಕಗಳ ಕಾಲ ಹಾಗೇ ಇರುತ್ತದೆ, ಮುಂದಿನ ಗಾಜಿನಿಂದ ಟಾರ್ಚ್ ಬಿಟ್ಟು ಒಳಗೆ ಬೂಷ್ಟಿನ ಬಲೆಯಿಲ್ಲ ಎಂದು ಖಚಿತಪಡಿಸಿಕೊ.

ಮಲಬಾರ್‌ನಿಂದ ಮನೆಗೆ ಬಂದ ಮೇಲೆ ಉಪ್ಪುಗಾಳಿಯ ಪಸೆಯನ್ನು ಹೊರಮೈಯಿಂದ ಒದ್ದೆಬಟ್ಟೆಯಲ್ಲಿ ಒರೆಸು. ಗಾಜಿನ ಧೂಳನ್ನು ಮೊದಲು ಊದಿ ಹಾರಿಸದೆ ಬಟ್ಟೆ ತಾಗಿಸಬೇಡ, ಅಂಗಿಯ ಚುಂಗಂತೂ ಬೇಡವೇ ಬೇಡ.

ಕೊಳ್ಳುವ ಮುಂಚೆ ಒಂದು ಕೆಲಸ ಮಾಡು ತಮ್ಮಾ. ಮುಂದಿನ ಶನಿವಾರ ನಿನ್ನ ಕ್ಲಬ್ಬಿನ ರೇಂಜಿಗೆ ಅರ್ಧ ಗಂಟೆ ಮೊದಲೇ ಹೋಗು. ಸಾಲಾಗಿ ನಿಲ್ಲಿಸಿದ ಹತ್ತು ಸ್ಕೋಪ್‌ಗಳ ಹಿಂದೆ ಹತ್ತು ಜನ ಹಿರಿಯರು ಇರುತ್ತಾರೆ. ಒಮ್ಮೆ ನೋಡಲೇ ಎಂದು ವಿನಯದಿಂದ ಕೇಳು, ಈ ದೇಶದ ಶೂಟರ್‌ಗಳು ಅದನ್ನು ಇಲ್ಲವೆನ್ನುವವರಲ್ಲ. ನೀನು ಆಡುವ ದೂರದಲ್ಲಿ, ನೀನು ಆಡುವ ಹೊತ್ತಿನ ಬೆಳಕಿನಲ್ಲಿ, ನಿನ್ನ ಕನ್ನಡಕ ಹಾಕಿಕೊಂಡೇ ಎಲ್ಲದರಲ್ಲೂ ನೋಡು. ಆಮೇಲೆ ಹಣ ಕೊಡು.